ನೃತ್ಯಕ್ಕೆ ಪೋಷಕರ ಉಪಸ್ಥಿತಿ ಕಡ್ಡಾಯ

ನಮ್ಮ ಕಾಲೇಜಿನ ಇತಿಹಾಸದಲ್ಲಿ ಮೊಟ್ಟಮೊದಲ ವಿದ್ಯಾರ್ಥಿ ನೃತ್ಯ ಸಂಜೆಯು ಕಳೆದ ವರ್ಷ ಅತ್ಯಂತ ಶಿಸ್ತಿನಿಂದ ನೆರವೇರಿತೆಂದೂ, ಅದರಲ್ಲಿ ಯಾವೊಬ್ಬ ವಿದ್ಯಾರ್ಥಿಯೂ ಕುಣಿಯಲಿಲ್ಲವೆಂದೂ ಈ ಮೂಲಕ ಸಮಸ್ತರ ಗಮನಕ್ಕೆ ತರಲಾಗಿದೆ. ಈ ವಿಷಯದಲ್ಲಿ ಊರಿನ ಕೆಲವರು ತಲೆಬುಡವಿಲ್ಲದ ಮಾತು ಆಡುತ್ತಿರುವುದರಿಂದ, ನಡೆದದ್ದನ್ನು ನಡೆದಂತೆ ಬರೆದಿಡುವ ಹೊಣೆ ಕಚೇರಿ ಅಧೀಕ್ಷಕನಾದ ನನ್ನ ಮೇಲೆ ಬಿದ್ದಿದೆ. ನಾನು ಇದೇ ಮೇಜಿನ ಹಿಂದೆ ಕೂತು ಮೂವರು ಪ್ರಾಂಶುಪಾಲರನ್ನು ಕಂಡವನು. ಮೂವರೂ ನನ್ನನ್ನು ಕೇಳದೆ ಕೆಮ್ಮಿದವರಲ್ಲ.

ಪ್ರಕರಣ ಶುರುವಾದದ್ದು ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿಯಿಂದ. ಈಕೆಯನ್ನು ಇಡೀ ಕಾಲೇಜು ಬುಗುರಿ ಎಂದು ಕರೆಯುತ್ತದೆ. ಖುಷಿಯಾದರೆ ಇದ್ದಲ್ಲೇ ನಿಂತು ಒಂದು ಸುತ್ತು ಗಿರ್ರನೆ ತಿರುಗುವುದು ಈಕೆಯ ಅಭ್ಯಾಸ. ಗ್ರಂಥಾಲಯದಲ್ಲಿ ಹಾಗೆ ತಿರುಗಿ ನಿಘಂಟುಗಳ ಕಪಾಟು ಉರುಳಿಸಿದ ವಿಚಾರಣೆ ಇನ್ನೂ ಮುಗಿದಿಲ್ಲ. ಇಂಥವಳು ಒಂದು ಮಧ್ಯಾಹ್ನ ಇಬ್ಬರು ಸ್ನೇಹಿತರನ್ನು ಕಟ್ಟಿಕೊಂಡು ನನ್ನ ಕಿಟಕಿಗೆ ಬಂದಳು. ಒಬ್ಬಳು ಜಿರಾಫೆ. ನನ್ನ ಕಿಟಕಿಯಲ್ಲಿ ಮುಖ ತೋರಿಸಬೇಕಾದರೆ ಆಕೆ ಸೊಂಟ ಬಗ್ಗಿಸಬೇಕು, ಅಷ್ಟು ಎತ್ತರ. ಇನ್ನೊಬ್ಬ ಅಡಿಟಿಪ್ಪಣಿ. ಗಿಡ್ಡ ಹುಡುಗ, ಯಾರು ಏನು ಹೇಳಿದರೂ ಕೊನೆಯಲ್ಲಿ ತನ್ನದೊಂದು ಸಾಲು ಸೇರಿಸದೆ ಬಿಡುವವನಲ್ಲ.

“ಸಾರ್, ನಮಗೊಂದು ಡ್ಯಾನ್ಸ್ ಬೇಕು,” ಎಂದಳು ಬುಗುರಿ.

“ಯಾವ ವಿಷಯದ ಮೇಲೆ?”

“ವಿಷಯ ಗಿಷಯ ಇಲ್ಲ ಸಾರ್. ಸುಮ್ನೆ ಕುಣಿಯೋದು.”

“ಸುಮ್ಮನೆ ಕುಣಿಯೋಕೆ ನಮ್ಮಲ್ಲಿ ಅವಕಾಶ ಇಲ್ಲಮ್ಮ. ಉದ್ದೇಶ ಅಂತ ಒಂದಿರಬೇಕು.”

“ಇವಳು ಊರು ಬಿಡ್ತಿದಾಳೆ ಸಾರ್.” ಬುಗುರಿ ಜಿರಾಫೆಯ ತೋಳು ಹಿಡಿದುಕೊಂಡಳು. “ಇವಳಪ್ಪನಿಗೆ ವರ್ಗ ಆಗಿದೆ. ಒಂದನೇ ಕ್ಲಾಸಿಂದ ನಾವು ಮೂರೂ ಜನ ಒಟ್ಟಿಗೇ ಇದೀವಿ. ಇವಳು ಹೋಗೋಕೆ ಮುಂಚೆ ಒಂದು ಸಂಜೆ ಎಲ್ಲಾ ಸೇರಿ ಕುಣೀಬೇಕು ಅಂತ ಆಸೆ ಸಾರ್.”

“ಒಂದೇ ಒಂದು ಸಂಜೆ ಸಾರ್,” ಎಂದು ಅಡಿಟಿಪ್ಪಣಿ ಸೇರಿಸಿದ.

ಬಗ್ಗಿ ನಿಂತಿದ್ದ ಜಿರಾಫೆಯ ಕಣ್ಣಲ್ಲಿ ನೀರು ತುಂಬಿತ್ತು. ಕಚೇರಿ ಕಿಟಕಿಯ ಬಳಿ ಅಳಬಾರದೆಂದು ನಾನೇ ಬರೆಸಿದ ಫಲಕ ಅಲ್ಲೇ ಪಕ್ಕದಲ್ಲಿತ್ತು. ಆದರೂ ಅಂದು ಅದನ್ನು ತೋರಿಸಲು ಮನಸ್ಸಾಗಲಿಲ್ಲ. ಉದ್ದೇಶ ಎಂಬಲ್ಲಿ ‘ಬೀಳ್ಕೊಡುಗೆ, ಸಕಾರಣ’ ಎಂದು ಬರೆದುಕೊಂಡೆ. ಬುಗುರಿ ಅಲ್ಲೇ ಒಂದು ಸುತ್ತು ತಿರುಗಿದಳು. ನಾನು ಶಾಯಿ ಬಾಟಲಿಯನ್ನು ಮುಂಚಿತವಾಗಿಯೇ ತೆಗೆದಿಟ್ಟಿದ್ದೆ.

ನೃತ್ಯದ ಪೂರ್ವಸಿದ್ಧತಾ ಸಮಿತಿ ಮರುದಿನವೇ ಸೇರಿತು. ಆಡಳಿತ ಮಂಡಳಿಯ ಅಧ್ಯಕ್ಷರು, ಪ್ರಾಂಶುಪಾಲರು, ವಿಶೇಷ ಆಹ್ವಾನಿತರಾಗಿ ಅಧ್ಯಕ್ಷರ ಭಾಮೈದ, ಬರೆದುಕೊಳ್ಳಲು ನಾನು. ಭಾಮೈದನವರು ಸಮಾರಂಭಗಳಿಗೆ ಕುರ್ಚಿ ಬಾಡಿಗೆಗೆ ಕೊಡುವ ಉದ್ಯಮಿ. ಕಾಲೇಜಿನ ಯಾವ ಸಮಿತಿಯೇ ಆಗಲಿ ಅವರು ಅದರ ವಿಶೇಷ ಆಹ್ವಾನಿತರು. ಏಕೆಂದರೆ ಯಾವ ಸಮಿತಿಯೂ ನಿಂತುಕೊಂಡು ಕೆಲಸ ಮಾಡುವುದಿಲ್ಲ.

ಮೊದಲ ಪ್ರಶ್ನೆ ನೃತ್ಯ ಎಂದರೇನು ಎಂಬುದು. ಬಿಸ್ಕತ್ತಿನ ತಟ್ಟೆ ಖಾಲಿಯಾಗುವವರೆಗೆ ಚರ್ಚಿಸಿ, ‘ಸಂಗೀತ ಕೇಳಿಬರುತ್ತಿರುವಾಗ ಅಂಗಾಂಗಗಳನ್ನು ಅನಿವಾರ್ಯವಲ್ಲದ ರೀತಿಯಲ್ಲಿ ಆಡಿಸುವುದು’ ಎಂಬ ವ್ಯಾಖ್ಯೆಗೆ ಒಪ್ಪಿಗೆ ನೀಡಲಾಯಿತು. ಎರಡನೆಯ ಪ್ರಶ್ನೆಯನ್ನು ಭಾಮೈದನವರೇ ಎತ್ತಿದರು.

“ಕುರ್ಚಿ ಎಷ್ಟು ಬೇಕಾಗುತ್ತೆ?”

“ಕುಣಿಯೋಕೆ ಬಂದವರಿಗೆ ಕುರ್ಚಿ ಯಾಕ್ರೀ?” ಎಂದರು ಪ್ರಾಂಶುಪಾಲರು. ಅವರು ನಮ್ಮ ಕಾಲೇಜಿಗೆ ಹೊಸಬರು.

“ಕುಣಿಯೋಕೆ ಮುಂಚೆ ಎಲ್ಲಿ ಕೂರ್ತಾರೆ ಸಾರ್? ಕುಣಿದಾದ ಮೇಲೆ ಎಲ್ಲಿ ಕೂರ್ತಾರೆ?”

“ಎರಡಕ್ಕೂ ಒಂದೇ ಕುರ್ಚಿ ಸಾಕಲ್ವಾ?”

ಭಾಮೈದನವರು ಮರುಕದಿಂದ ನಕ್ಕರು. “ಕುಣಿಯೋಕೆ ಮುಂಚಿನ ಮನುಷ್ಯನೇ ಬೇರೆ, ಆಮೇಲಿನವನೇ ಬೇರೆ ಸಾರ್. ಇವನ ಬೆವರಿನ ಕುರ್ಚೀಲಿ ಅವನನ್ನ ಕೂರಿಸೋಕಾಗುತ್ತಾ?”

“ಬ್ಯಾಗು ಎಲ್ಲಿಡ್ತಾರೆ, ಅದನ್ನೂ ಯೋಚನೆ ಮಾಡಿ,” ಎಂದು ಅಧ್ಯಕ್ಷರು ಭಾಮೈದನಿಗೆ ದಾರಿ ತೋರಿಸಿದರು. ಅದರಂತೆ ತಲೆಗೆ ಮೂರು ಕುರ್ಚಿ, ಎಂದರೆ ಮುಂಚೆಗೊಂದು, ಆಮೇಲಿಗೊಂದು, ಬ್ಯಾಗಿಗೊಂದು ಎಂದು ಒಮ್ಮತದಿಂದ ತೀರ್ಮಾನವಾಯಿತು. ಸಂಗೀತದ ವಿಷಯ ಸಮಯಾಭಾವದಿಂದ ಚರ್ಚೆಗೆ ಬರಲಿಲ್ಲ.

ಇನ್ನು ಉಳಿದದ್ದು ಸುತ್ತೋಲೆ. ನಮ್ಮ ಕಚೇರಿಯಲ್ಲಿ ಹೊಸದಾಗಿ ಸುತ್ತೋಲೆ ಬರೆಯುವ ಪದ್ಧತಿ ಇಲ್ಲ. ಹಳೆಯದೊಂದನ್ನು ತೆಗೆದು ಅದರಲ್ಲಿ ಬದಲಾಗಬೇಕಾದ ಪದವನ್ನಷ್ಟೇ ಬದಲಿಸುವುದು ನನಗಿಂತ ಹಿಂದಿನವರ ಕಾಲದಿಂದ ನಡೆದುಬಂದ ಕ್ರಮ. ಹೊಸ ವಾಕ್ಯ ಬರೆದರೆ ಅದರಲ್ಲಿ ಹೊಸ ತಪ್ಪು ಇರುತ್ತದೆ. ಹಳೆಯ ವಾಕ್ಯದಲ್ಲಿರುವುದು ಹಳೆಯ ತಪ್ಪು, ಅದಕ್ಕೆ ಎಲ್ಲರೂ ಒಗ್ಗಿಹೋಗಿರುತ್ತಾರೆ. ಹಿಂದೊಮ್ಮೆ ರಕ್ತದಾನ ಶಿಬಿರದ ಸುತ್ತೋಲೆಯನ್ನು ಚದುರಂಗ ಪಂದ್ಯಕ್ಕೆ ಬಳಸಿಕೊಂಡಿದ್ದೆ. ಪ್ರತಿ ಆಟದ ಕೊನೆಯಲ್ಲಿ ಇಬ್ಬರೂ ಆಟಗಾರರನ್ನು ಮಂಚದ ಮೇಲೆ ಮಲಗಿಸಿ ಹಣ್ಣಿನ ರಸ ಕುಡಿಸಲಾಯಿತು. ಯಾರೂ ಚಕಾರ ಎತ್ತಲಿಲ್ಲ. ಸೋತವರಿಗಂತೂ ಅದು ಹಿತವೆನಿಸಿತೆಂದು ವರದಿಯಾಗಿದೆ.

ಈ ಸಲ ಕೈಗೆ ಸಿಕ್ಕಿದ್ದು ಪೋಷಕರ ಸಭೆಯ ಸುತ್ತೋಲೆ. ‘ಪೋಷಕರ ಸಭೆ’ ಎಂದಿದ್ದಲ್ಲೆಲ್ಲ ‘ನೃತ್ಯ ಸಂಜೆ’ ಎಂದು ತಿದ್ದಿ ಫಲಕಕ್ಕೆ ಹಾಕಿಸಿದೆ. ಅದು ಹೀಗಿತ್ತು:

‘ಶುಕ್ರವಾರದ ನೃತ್ಯ ಸಂಜೆಗೆ ಪ್ರತಿ ವಿದ್ಯಾರ್ಥಿಯ ತಂದೆ ಅಥವಾ ತಾಯಿಯ ಉಪಸ್ಥಿತಿ ಕಡ್ಡಾಯ. ಪೋಷಕರು ನೃತ್ಯ ಸಂಜೆಯಲ್ಲಿ ಸಕ್ರಿಯವಾಗಿ ಪಾಲ್ಗೊಂಡು ತಮ್ಮ ಮಕ್ಕಳ ವ್ಯಾಸಂಗದ ಪ್ರಗತಿಗೆ ಕಾರಣರಾಗತಕ್ಕದ್ದು. ಸಭಾಂಗಣದಲ್ಲಿ ಸ್ಥಳಾವಕಾಶ ಇದ್ದಲ್ಲಿ ವಿದ್ಯಾರ್ಥಿಗಳೂ ಹಾಜರಿರಬಹುದು. ಇಲ್ಲದಿದ್ದಲ್ಲಿ ಹೊರಗೆ ಕಾದಿದ್ದು ಪೋಷಕರನ್ನು ಮನೆಗೆ ಕರೆದೊಯ್ಯತಕ್ಕದ್ದು. ಪಾಲ್ಗೊಳ್ಳದ ಪೋಷಕರ ಮಕ್ಕಳಿಗೆ ಪರೀಕ್ಷೆಯ ಪ್ರವೇಶಪತ್ರ ನೀಡಲಾಗುವುದಿಲ್ಲ.’

ಎಂದಿನಂತೆ ಎಲ್ಲರೂ ಮೊದಲ ಸಾಲು ಓದಿ ಮನೆಗೆ ಓಡಿದರು.

ಬುಗುರಿಯ ಮನೆಯಲ್ಲಿ ಅಂದು ನಡೆದ ಮಾತುಕತೆ ಆಮೇಲೆ ವಿಚಾರಿಸಿ ತಿಳಿದದ್ದು. ಆಕೆಯ ತಂದೆ ಗೂಡ್ಸ್ ರೈಲಿನ ಗಾರ್ಡು, ಮನೆಗೆ ನೆಂಟರ ಹಾಗೆ ಬಂದುಹೋಗುವವರು. ಮನೆ ನಡೆಸುವವರು ತಾಯಿ. ಔಷಧಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೌಂಟರಿನ ಹಿಂದೆ ನಿಂತು, ವೈದ್ಯರ ಕೈಬರಹ ಓದಿ ಮಾತ್ರೆ ತೆಗೆದುಕೊಡುವ ಕೆಲಸ. ಮನೆಗೆ ಬಂದವರೇ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಸ್ವಲ್ಪ ಹೊತ್ತು ಯಾರೊಂದಿಗೂ ಮಾತಾಡುತ್ತಿರಲಿಲ್ಲ.

“ಡ್ಯಾನ್ಸಾ? ನಾನಾ?” ಎಂದರಂತೆ ಆಕೆ. “ಮಂಡಿ ನೋವಿನ ಮಾತ್ರೆ ಮಾರೋಳೂ ನಾನೇ, ನುಂಗೋಳೂ ನಾನೇ. ನಿನಗೆ ಬೇರೆ ಯಾರೂ ಸಿಗ್ಲಿಲ್ವಾ?”

“ನೀನು ಕುಣಿಯೋದು ಬೇಡಮ್ಮ. ಬಂದು ಒಂದು ಮೂಲೇಲಿ ಕೂತ್ಕೋ, ಸಾಕು.”

“ಯಾರ್ಯಾರು ಬರ್ತಾರೆ?”

“ಕಾಲೇಜಿನವರೇ.”

“ಹುಡುಗರು?”

“ಕಾಲೇಜು ಅಂದ್ಮೇಲೆ ಹುಡುಗರು ಇರದೇ ಇರ್ತಾರಾ?”

“ಎಷ್ಟೊತ್ತಿಗೆ ಮುಗಿಯುತ್ತೆ? ಕತ್ತಲಾದ ಮೇಲೆ ನೀನು ಒಬ್ಬಳೇ ಎಲ್ಲಿಗೂ ಹೋಗಕೂಡದು ಅಂತ ಎಷ್ಟು ಸಲ ಹೇಳಿದೀನಿ?”

“ಅಮ್ಮಾ, ಜಿರಾಫೆ ಶನಿವಾರ ಬೆಳಗ್ಗೆ ಬಸ್ ಹತ್ತುತಾಳೆ. ಆಮೇಲೆ ಯಾವಾಗ ನೋಡ್ತೀನೋ ಏನೋ. ಇದೊಂದು ಸಲ ಬಿಡಮ್ಮ.”

ತಾಯಿ ಸ್ಟೂಲಿನ ಮೇಲಿಂದ ಕಾಲಿಳಿಸಿದರು. “ಆಯ್ತು, ಬರ್ತೀನಿ ಬಿಡು. ನಿನ್ನ ಮೇಲೆ ಒಂದು ಕಣ್ಣಿಡೋಕೆ ಯಾರಾದ್ರೂ ಬೇಕಲ್ಲ,” ಎಂದು ಒಪ್ಪಿಕೊಂಡರು. ಬೀರುವಿನ ತಳದಲ್ಲಿ ಎಂದೋ ಮಡಿಚಿಟ್ಟಿದ್ದ ಹಸಿರು ಉಡುಪನ್ನು ತೆಗೆದು ಇಸ್ತ್ರಿ ಮಾಡಿದರು. ಕಣ್ಣಿಡಲು ಇಸ್ತ್ರಿ ಯಾಕೆ ಎಂದು ಮಗಳು ಕೇಳಲಿಲ್ಲ.

ಅಲ್ಲಿಂದ ಮುಂದೆ ಮೂವರು ಗೆಳೆಯರೂ ದಿನಾ ಜಿರಾಫೆಯ ಮನೆಯಲ್ಲಿ ಅಭ್ಯಾಸಕ್ಕೆ ಕೂಡಿದರು. ಮನೆ ಅರ್ಧ ಖಾಲಿಯಾಗಿತ್ತು, ಕಟ್ಟಿಟ್ಟ ರಟ್ಟಿನ ಡಬ್ಬಗಳ ನಡುವೆ ಕುಣಿಯಲು ಬೇಕಾದಷ್ಟು ಜಾಗ. ಬುಗುರಿ ತಿರುಗುವುದು, ಜಿರಾಫೆ ಎರಡೂ ತೋಳೆತ್ತಿ ಕಮಾನು ಮಾಡುವುದು, ಅಡಿಟಿಪ್ಪಣಿ ಅದರಡಿ ನುಸುಳಿ ಆಚೆ ಬರುವುದು, ಹೀಗೊಂದು ನಡೆಯನ್ನು ಅವರೇ ಕಟ್ಟಿದ್ದರು. ಕಾಲು ಎಡವಿ ಡಬ್ಬದ ಮೇಲೆ ಬಿದ್ದು, ನಕ್ಕು ನಕ್ಕು, ಆಮೇಲೆ ಸುಮ್ಮನೆ ನೆಲದ ಮೇಲೆ ಕೂತುಬಿಡುತ್ತಿದ್ದರಂತೆ. ಜಿರಾಫೆಯ ಅಪ್ಪ ಡಬ್ಬಗಳ ಮೇಲೆ ‘ಅಡುಗೆಮನೆ’, ‘ನಾಜೂಕು’ ಎಂದು ಬರೆಯುತ್ತ ಓರೆಗಣ್ಣಲ್ಲಿ ನೋಡುತ್ತಿದ್ದರು.

ಶುಕ್ರವಾರ ಬಂತು. ಭಾಮೈದನವರ ಲಾರಿಗಳು ಬೆಳಗಿನಿಂದಲೇ ಬರತೊಡಗಿದವು. ಸಂಜೆಯ ಹೊತ್ತಿಗೆ ಸಭಾಂಗಣದಲ್ಲಿ ಗೋಡೆಯಿಂದ ಗೋಡೆಗೆ ಕುರ್ಚಿ. ವೇದಿಕೆಯ ಮೆಟ್ಟಿಲ ಮೇಲೂ ಕುರ್ಚಿ. ವಿದ್ಯಾರ್ಥಿಗಳೇ ಗೊತ್ತುಮಾಡಿದ್ದ ಸಂಗೀತಗಾರರು ತಮ್ಮ ಡ್ರಮ್ಮುಗಳನ್ನು ಇಡಲು ಜಾಗ ಸಾಲದೆ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನೆಲ ಎಲ್ಲಿಯೂ ಕಾಣುತ್ತಿರಲಿಲ್ಲ. ಅಧ್ಯಕ್ಷರು ಬಾಗಿಲಲ್ಲಿ ನಿಂತು ನೋಡಿ, “ಈಗ ಒಂದು ಕಳೆ ಬಂತು,” ಎಂದರು.

ಪೋಷಕರೆಲ್ಲ ಒಳಗೆ ಹೋಗಿ ಕೂತಾಗ ಪ್ರವೇಶದ್ವಾರದ ಹೊಣೆ ಹೊತ್ತಿದ್ದ ನಾನು ಸುತ್ತೋಲೆಯನ್ನು ತೆಗೆದು ಓದಿದೆ. ಸ್ಥಳಾವಕಾಶ ಇಲ್ಲದಿದ್ದಲ್ಲಿ ವಿದ್ಯಾರ್ಥಿಗಳು ಹೊರಗೆ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಬಾಗಿಲು ಹಾಕಿಸಿದೆ. ಕೆಂಪು ಉಡುಪು ತೊಟ್ಟು, ತಲೆ ಬಾಚಿ, ಮಿಂಚುತ್ತಾ ಬಂದಿದ್ದ ಬುಗುರಿ ಜನರನ್ನು ಸೀಳಿಕೊಂಡು ನನ್ನೆದುರು ನಿಂತಳು.

“ಸಾರ್, ಇದು ನಮ್ಮ ಡ್ಯಾನ್ಸು!”

“ಹೌದಮ್ಮ, ನಿಮ್ಮದೇ. ಅದಕ್ಕೇ ನಿಮ್ಮ ಹೆಸರಲ್ಲೇ ನಡೀತಾ ಇದೆ.”

“ನಾವು ಹೊರಗಿದ್ರೆ ಕುಣಿಯೋರು ಯಾರು ಸಾರ್?”

“ಅದು ಸಮಿತಿಗೆ ಬಿಟ್ಟ ವಿಷಯ.”

ಆಕೆ ಸ್ವಲ್ಪ ಯೋಚಿಸಿದಳು. “ಹಾಗಾದ್ರೆ ನನ್ನನ್ನ ನಮ್ಮಮ್ಮನ ಪೋಷಕಿ ಅಂತ ಬರ್ಕೊಳ್ಳಿ. ಅವರಿಗೆ ಮಂಡಿ ನೋವು, ನಾನೇ ನೋಡ್ಕೊಳ್ಳೋದು.”

ನಾನು ಯಾವ ಮನವಿಯನ್ನೂ ಪರಿಶೀಲಿಸದೆ ತಳ್ಳಿಹಾಕುವವನಲ್ಲ. “ನಿಮ್ಮಮ್ಮ ಯಾವ ತರಗತಿ?” ಎಂದು ಕೇಳಿದೆ.

“ಅವರೆಲ್ಲಿ ಓದ್ತಾರೆ ಸಾರ್? ಅವರು ಅಮ್ಮ!”

“ನಮ್ಮ ಕಾಲೇಜಲ್ಲಿ ಓದದೇ ಇರೋರಿಗೆ ಪೋಷಕರನ್ನ ನೇಮಿಸೋಕೆ ಬರಲ್ಲಮ್ಮ.”

“ಓದದೇ ಇರೋರನ್ನ ಒಳಗೆ ಬಿಟ್ಟಿದೀರಲ್ಲ ಸಾರ್,” ಎಂದು ಅಡಿಟಿಪ್ಪಣಿ ಸೇರಿಸಿದ. ಅವನ ಹೆಸರನ್ನು ಗುರುತು ಹಾಕಿಕೊಂಡೆ.

ನಾನು ಒಳಗೆ ಬಂದಾಗ ಸಂಗೀತ ಶುರುವಾಯಿತು. ಪೋಷಕರು ಕೈಕಟ್ಟಿ ಕೂತಿದ್ದರು, ಹಲ್ಲಿನ ವೈದ್ಯರ ಕೋಣೆಯ ಹೊರಗೆ ಕೂತವರ ಹಾಗೆ. ಅಧ್ಯಕ್ಷರು ಎದ್ದು ಯುವಜನತೆಯ ನೈತಿಕತೆಯ ಬಗ್ಗೆ ಮಾತಾಡಿ, ಇಲ್ಲಿಯವರೆಗೆ ನೃತ್ಯ ತೃಪ್ತಿಕರವಾಗಿ ಸಾಗಿದೆ ಎಂದು ಶ್ಲಾಘಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ಮುಗಿದಿದ್ದರೂ ಮುಗಿಯುತ್ತಿತ್ತು. ಆದರೆ ಅಡಿಟಿಪ್ಪಣಿಯ ಅಪ್ಪ, ಚೌಕಳಿ ಅಂಗಿ ತೊಟ್ಟ ಜೀವವಿಮೆಯ ಏಜೆಂಟರು, ಸಣ್ಣಕ್ಷರವನ್ನೂ ಬಿಡದೆ ಓದುವ ವೃತ್ತಿಯವರು, ಕೈಯೆತ್ತಿದರು.

“ಪಾಲ್ಗೊಳ್ಳದಿದ್ರೆ ಮಕ್ಕಳಿಗೆ ಪ್ರವೇಶಪತ್ರ ಕೊಡಲ್ಲ ಅಂತ ಇದೆಯಲ್ಲ ಸಾರ್. ಸಕ್ರಿಯವಾಗಿ ಅಂದ್ರೆ ಏನು? ಹೀಗೆ ಕೂತಿದ್ರೆ ಸಾಲದಾ?”

ಸಭಾಂಗಣದಲ್ಲಿ ಗುಜುಗುಜು ಎದ್ದಿತು. ಪ್ರಾಂಶುಪಾಲರು ನನ್ನ ಮುಖ ನೋಡಿದರು. ನಾನು ಸಮಿತಿಯ ವ್ಯಾಖ್ಯೆಯನ್ನು ಅವರ ಕೈಗಿತ್ತೆ, ಅವರು ಧ್ವನಿವರ್ಧಕದಲ್ಲಿ ಓದಿದರು. ಅಂಗಾಂಗಗಳು, ಅನಿವಾರ್ಯವಲ್ಲದ ರೀತಿಯಲ್ಲಿ. ಮಗನ ಪರೀಕ್ಷೆಯ ಚಿಂತೆಯಿಂದ ಒಬ್ಬ ತಂದೆ ಬಲಗೈಯನ್ನು ಮೇಲೆತ್ತಿ ಇಳಿಸಿ, “ಇದು ಸಾಕಾ?” ಎಂಬಂತೆ ನನ್ನತ್ತ ನೋಡಿದರು. ಇನ್ನು ಕೆಲವರು ಕತ್ತು ಆಡಿಸಿದರು. ಕತ್ತು ಆಡಿಸುವುದು ಸಮ್ಮತಿಯೋ ನೃತ್ಯವೋ ಎಂದು ಹೇಳುವಂತಿರಲಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಗ ಎದ್ದವರು ಬುಗುರಿಯ ತಾಯಿ. “ಮಗಳ ಪರೀಕ್ಷೆ ವಿಷಯ. ಏನು ಮಾಡೋಕಾಗುತ್ತೆ?” ಎಂದು ಪಕ್ಕದವರಿಗೆ ಹೇಳಿ, ಹಸಿರು ಉಡುಪಿನ ನೆರಿಗೆ ಸರಿಮಾಡಿಕೊಂಡು, ಎರಡು ಕುರ್ಚಿಗಳ ಸಂದಿಯಲ್ಲಿ ನಿಂತರು. ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ನಿಂತಲ್ಲೇ ಗಿರ್ರನೆ ಒಂದು ಸುತ್ತು ತಿರುಗಿದರು. ಮಗಳಿಗೆ ಆ ಅಭ್ಯಾಸ ಎಲ್ಲಿಂದ ಬಂತೆಂಬ ಗ್ರಂಥಾಲಯದ ಹಳೆಯ ಪ್ರಶ್ನೆ ಅಂದು ಇತ್ಯರ್ಥವಾಯಿತು.

ಒಬ್ಬರು ಎದ್ದ ಮೇಲೆ ಕೇಳಬೇಕೆ? ಸಾಲು ಸಾಲಾಗಿ ಎದ್ದರು. ಎದ್ದವರಿಗೆಲ್ಲ ಕುರ್ಚಿ ಅಡ್ಡ. ಮೊಣಕಾಲಿಗೆ ಬಡಿಯಿತು, ಕಾಲ್ಬೆರಳಿಗೆ ತಾಗಿತು. “ಎತ್ರೀ ಇವನ್ನ, ಆಚೆ ಹಾಕಿ!” ಎಂದು ಚೌಕಳಿ ಅಂಗಿಯವರು ಕೂಗಿದ್ದೇ ತಡ, ತಂದೆತಾಯಂದಿರು ಬ್ಯಾಗು ಸಮೇತ ಕೈಯಿಂದ ಕೈಗೆ ಕುರ್ಚಿ ದಾಟಿಸುತ್ತಾ ಬಾಗಿಲು ತೆರೆದು ಹೊರಗೆ ಸಾಗಿಸತೊಡಗಿದರು. ಭಾಮೈದನವರು ಬಾಗಿಲಿಗೆ ಅಡ್ಡ ನಿಂತರು.

“ಕುರ್ಚಿ ಹೊರಗೆ ಹೋದ್ರೆ ಉಪಯೋಗ ಆಗ್ಲಿಲ್ಲ ಅಂತಾಗುತ್ತೆ! ಬಾಡಿಗೆಗೆ ಕೊಕ್ಕೆ ಹಾಕ್ತೀರಿ ಆಮೇಲೆ!”

ಅಧ್ಯಕ್ಷರು ಸ್ಥಳದಲ್ಲೇ ತುರ್ತು ಸಭೆ ಕರೆದರು. ಯಾರಾದರೂ ಮೇಲೆ ಕೂತಿದ್ದರೆ ಕುರ್ಚಿ ಎಲ್ಲಿದ್ದರೂ ಉಪಯೋಗದಲ್ಲಿದೆ ಎಂದೇ ಅರ್ಥ ಎಂಬ ತೀರ್ಮಾನ ಬಂತು. ನಾನು ಹೊರಗೆ ಬಂದು ಪ್ರಕಟಣೆ ಮಾಡಿದೆ.

‘ವಿದ್ಯಾರ್ಥಿಗಳ ಗಮನಕ್ಕೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಮೂರು ಕುರ್ಚಿಗಳನ್ನು ಬಳಸತಕ್ಕದ್ದು. ಒಂದರ ಮೇಲೆ ಕೂರುವುದು, ಒಂದರ ಮೇಲೆ ಪೋಷಕರ ಬ್ಯಾಗು ಇಟ್ಟುಕೊಳ್ಳುವುದು, ಒಂದರ ಮೇಲೆ ಕಾಲು ಚಾಚುವುದು. ಸೂಚನೆ ಬರುವವರೆಗೆ ಯಾರೂ ಏಳತಕ್ಕದ್ದಲ್ಲ.’

ಸಾಲಾಗಿ ಎಲ್ಲರೂ ಕೂತರು. ಬುಗುರಿ ಮಾತ್ರ ಕಿಟಕಿಯ ಸರಳು ಹಿಡಿದು ಒಳಗೆ ಇಣುಕುತ್ತಿದ್ದವಳು ಓಡಿಬಂದಳು. ಆಕೆಯ ಮುಖ ಅರಳಿತ್ತು.

“ಸಾರ್, ಕುರ್ಚಿ ಎಲ್ಲಾ ಆಚೆ ಬಂತು! ಈಗ ಒಳಗೆ ಜಾಗ ಇದೆ! ಸ್ಥಳಾವಕಾಶ ಇದ್ರೆ ನಾವೂ ಇರಬಹುದು ಅಂತ ನೀವೇ ಹಾಕಿದೀರಿ!”

ಆ ಹುಡುಗಿ ಅಷ್ಟರಲ್ಲಿ ಸುತ್ತೋಲೆಯನ್ನು ಕೊನೆಯವರೆಗೆ ಓದಿದ್ದಳು. ನನ್ನ ಸೇವಾವಧಿಯಲ್ಲಿ ಇಂಥ ವಿದ್ಯಾರ್ಥಿ ಇವಳೇ ಮೊದಲು. ಸಮಿತಿಗೆ ಈ ಅಂಶ ತಿಳಿಸಿದೆ. ಸಮಿತಿ ಒಂದು ಹಾಡಿನ ಕಾಲ ಯೋಚಿಸಿತು. ಜಿರಾಫೆ, ಅಡಿಟಿಪ್ಪಣಿ, ಬುಗುರಿ ಮೂವರೂ ಕೈ ಕೈ ಹಿಡಿದು ಬಾಗಿಲಿನ ಮುಂದೆ ನಿಂತಿದ್ದರು. ಜಿರಾಫೆಯ ತೋಳು ಆಗಲೇ ಕಮಾನಿಗೆ ಸಿದ್ಧವಾಗಿತ್ತು.

“ಇವರು ಒಳಗೆ ಬಂದ್ರೆ ಆ ಕುರ್ಚಿಗಳ ಮೇಲೆ ಯಾರು ಕೂರ್ತಾರೆ?” ಎಂದರು ಭಾಮೈದನವರು.

ಪ್ರಾಂಶುಪಾಲರು ಮೂವರನ್ನೂ ನೋಡಿ, “ಪಾಪ, ಮಕ್ಕಳು,” ಎಂದರು. ಅಧ್ಯಕ್ಷರು ಅವರತ್ತ ತಿರುಗಿದರು. ಪ್ರಾಂಶುಪಾಲರು ಕೆಮ್ಮಿದರು. ನಾನು ಹೊರಗೆ ಬಂದು ಇಲ್ಲವೆಂದು ತಲೆಯಾಡಿಸಿದೆ.

ಬುಗುರಿ ಅತ್ತಳು. ಮುಖ ಮುಚ್ಚಿಕೊಳ್ಳದೆ, ನನ್ನನ್ನೇ ನೋಡುತ್ತಾ ಅತ್ತಳು. ಜಿರಾಫೆ ಆಕೆಯನ್ನು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ನಾನು ತಪಾಸಣೆಯ ಸಲುವಾಗಿ ಸಭಾಂಗಣಕ್ಕೆ ಹೋದೆ. ಗ್ರಂಥಪಾಲಕಿಯವರ ಜೊತೆ ತಪಾಸಣೆ ಎರಡು ಹಾಡುಗಳವರೆಗೆ ನಡೆಯಿತು. ನೆಲದ ಸ್ಥಿತಿ ಉತ್ತಮವಾಗಿತ್ತು.

ನಾನು ಮರಳಿ ಬಂದಾಗ ಹೊರಗಿನ ವಾತಾವರಣವೇ ಬೇರೆಯಾಗಿತ್ತು. ಇನ್ನೊಬ್ಬರ ಬ್ಯಾಗು ಕಾಯುತ್ತಾ ಕೂತರೆ ಮನುಷ್ಯನಿಗೆ ಏನಾಗುತ್ತದೋ ಅದು ಆಗಿತ್ತು. ಮಾತು ತಾನಾಗಿಯೇ ಪೋಷಕರ ಮಾತಿನ ದಾರಿ ಹಿಡಿದಿತ್ತು.

“ನಮ್ಮಪ್ಪನಿಗೆ ರಕ್ತದೊತ್ತಡ ಇದೆ. ಹೇಳಿದ್ರೆ ಕೇಳೋದೇ ಇಲ್ಲ,” ಎಂದ ಒಬ್ಬ.

“ಈಗಿನ ಅಪ್ಪಂದಿರು ಎಲ್ಲಿ ಕೇಳ್ತಾರೆ?”

“ಬೆಳಗ್ಗೆ ಎಬ್ಬಿಸೋದು ನಮಗೆ ತಾನೇ ಕಷ್ಟ.”

“ನಮ್ಮಪ್ಪ ನನ್ನ ಶೂ ಹಾಕ್ಕೊಂಡು ಬಂದಿದಾರೆ. ಅದೂ ಕೇಳದೇನೇ,” ಎಂದು ಅಡಿಟಿಪ್ಪಣಿ ಸೇರಿಸಿದ.

ಒಂಬತ್ತಕ್ಕೆ ಮುಗಿಯಬೇಕಾಗಿದ್ದ ನೃತ್ಯಕ್ಕೆ ಪೋಷಕರು ಅವಧಿ ವಿಸ್ತರಣೆ ಕೋರಿದರು. ಮನೆಗೆ ಕರೆದೊಯ್ಯುವ ಹೊಣೆ ಮಕ್ಕಳದ್ದು ಎಂದು ಸುತ್ತೋಲೆಯಲ್ಲೇ ಇದ್ದುದರಿಂದ, ಮಕ್ಕಳ ಒಪ್ಪಿಗೆ ಇಲ್ಲದೆ ವಿಸ್ತರಿಸುವಂತಿಲ್ಲ ಎಂದೆ. ತಂದೆತಾಯಂದಿರು ಒಬ್ಬೊಬ್ಬರಾಗಿ ಹೊರಗೆ ಬಂದು ತಮ್ಮ ತಮ್ಮ ಮಕ್ಕಳ ಮುಂದೆ ನಿಂತರು. ಬುಗುರಿಯ ತಾಯಿಯೂ ಬಂದರು. ಕೂದಲು ಬಿಚ್ಚಿತ್ತು, ಹಣೆ ಬೆವರಿತ್ತು, ಏದುಸಿರು ಬಿಡುತ್ತಿದ್ದರು.

“ಇನ್ನೊಂದು ಅರ್ಧ ಗಂಟೆ ಕಣೇ.”

“ಹೊತ್ತೆಷ್ಟಾಯ್ತು ನೋಡಿದೀಯಾ ಅಮ್ಮಾ? ನಾಳೆ ನಿನಗೆ ಅಂಗಡಿ ಇಲ್ವಾ?”

“ಇದೆ. ಆದ್ರೆ ಎಲ್ಲರೂ ಇದಾರೆ. ನಾನೊಬ್ಬಳೇ ಹೇಗೆ ಹೊರಡ್ಲಿ?”

“ಎಲ್ಲರೂ ಅಂದ್ರೆ ಯಾರು? ಆ ಚೌಕಳಿ ಅಂಗಿಯವರು ಯಾರು?”

“ಬರೀ ಫ್ರೆಂಡು ಕಣೇ. ನಿಮ್ಮ ಅಡಿಟಿಪ್ಪಣಿಯ ಅಪ್ಪ. ತುಂಬಾ ಒಳ್ಳೆಯವರು, ಪಾಲಿಸಿ ಬಗ್ಗೆ ಎಷ್ಟು ಚೆನ್ನಾಗಿ ಹೇಳ್ತಾರೆ ಗೊತ್ತಾ?”

“ಮಂಡಿ?”

“ಯಾವ ಮಂಡಿ?”

ಬುಗುರಿಗೆ ಹೊಟ್ಟೆ ಉರಿಯಿತು. ಇದು ತನ್ನ ಸಂಜೆ, ತನ್ನ ಸಂಗೀತ, ಒಳಗಿರುವುದು ತನ್ನ ಜಾಗ. ಬೇಡ ಎಂದು ಒಂದು ಮಾತು ಹೇಳಿದರೆ ಎಲ್ಲ ನಿಲ್ಲುತ್ತಿತ್ತು. ಹೇಳಲೆಂದೇ ಬಾಯಿ ತೆರೆದಳು. ಆದರೆ ಎದುರಿಗೆ ನಿಂತಿದ್ದ ಅಮ್ಮನ ಮುಖವನ್ನು ಆಕೆ ಮೊದಲು ಎಂದೂ ನೋಡಿರಲಿಲ್ಲ. ಸ್ಟೂಲಿನ ಮೇಲೆ ಕಾಲು ಚಾಚಿ ಮಾತಿಲ್ಲದೆ ಕೂರುವ ಆ ಹೆಂಗಸು ಇವರೇ ಎಂದು ಹೇಳಿದರೆ ಯಾರೂ ನಂಬುವಂತಿರಲಿಲ್ಲ. ಆಕೆಗೆ ಅಮ್ಮನ ಮೇಲೆ ಪ್ರೀತಿ ಉಕ್ಕಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

“ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ,” ಎಂದಳು. “ನೀರು ಕುಡಿದು ಹೋಗು.”

ಜಿರಾಫೆಯ ಅಪ್ಪನೂ ಮಗಳನ್ನು ಕೇಳಿಕೊಂಡರು. ಬೆಳಗ್ಗೆ ಬಸ್ಸು, ಇನ್ನೂ ಹಾಸಿಗೆ ಕಟ್ಟುವುದಿದೆ. “ಈ ಊರಲ್ಲಿ ಇದೇ ಕೊನೆ ಅಲ್ವಾ ಮಗಳೇ,” ಎಂದರು ಅವರು. ಮಗಳು ಅವರನ್ನು ಒಂದು ಗಳಿಗೆ ನೋಡಿ, ಹಾಸಿಗೆ ತಾನೇ ಕಟ್ಟುವುದಾಗಿ ಹೇಳಿದಳು. ಆ ಅರ್ಧ ಗಂಟೆ ಮೂರು ಸಲ ವಿಸ್ತರಣೆಯಾಯಿತು. ಕೊನೆಗೆ ಬಾಗಿಲು ತೆರೆದಾಗ ಅಡಿಟಿಪ್ಪಣಿ ಮೂರು ಕುರ್ಚಿಗಳ ಮೇಲೆ ಮಲಗಿ ನಿದ್ದೆ ಹೋಗಿದ್ದ. ಬುಗುರಿ, ಜಿರಾಫೆ ಇಬ್ಬರೂ ಒಬ್ಬರಿಗೊಬ್ಬರು ಒರಗಿಕೊಂಡು, ತಮ್ಮ ತಮ್ಮ ಮನೆಯವರ ಬ್ಯಾಗು ಹಿಡಿದು ಕೂತಿದ್ದರು. ಜಿರಾಫೆ ಅಪ್ಪನನ್ನು ಕೈಹಿಡಿದು ಕರೆದುಕೊಂಡು ಹೋದಳು. ಬೆಳಗ್ಗೆ ಅವರ ಬಸ್ಸು ಹೊರಟಿತು. ಮೂವರೂ ಸೇರಿ ಕಟ್ಟಿದ್ದ ಆ ನಡೆಯನ್ನು ಯಾರ ಮುಂದೆಯೂ ಕುಣಿಯಲಿಲ್ಲ.

ನಾನು ವರದಿಯಲ್ಲಿ ‘ಯಾವುದೇ ಅಹಿತಕರ ಘಟನೆ ನಡೆದಿಲ್ಲ’ ಎಂದು ನಮೂದಿಸಿದೆ. ಈ ವಾಕ್ಯವೂ ಹಳೆಯದೇ.

ಆಮೇಲಿನದೆಲ್ಲ ಸುಗಮ. ಪ್ರವೇಶಪತ್ರಗಳು ತಡವಿಲ್ಲದೆ ವಿತರಣೆಯಾದವು. ಪೋಷಕರು ಒಕ್ಕೊರಲಿನಿಂದ ಮನವಿ ಸಲ್ಲಿಸಿದ್ದರಿಂದ ನೃತ್ಯವನ್ನು ಪ್ರತಿ ಶನಿವಾರಕ್ಕೆ ವಿಸ್ತರಿಸಲಾಯಿತು. ವಿದ್ಯಾರ್ಥಿಗಳು ಮೊದಲ ಕೆಲವು ವಾರ ಮುಖ ಊದಿಸಿಕೊಂಡಿದ್ದರು. ಬಳಿಕ ತಾವೂ ಒಂದು ಮನವಿ ತಂದರು. ನಾನು ಸ್ವಲ್ಪ ಅಳುಕಿನಿಂದಲೇ ತೆರೆದೆ. ಒಳಗೆ ಬಿಡಿ ಎಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಹೊರಗಿನ ಕುರ್ಚಿಗಳಿಗೆ ಮೆತ್ತೆ ಬೇಕು, ಚಳಿಯ ಹೊತ್ತಿನಲ್ಲಿ ಒಂದು ಲೋಟ ಚಹಾ ಬೇಕು, ಪೋಷಕರು ಹೇಳಿದ ಹೊತ್ತಿಗೆ ಹೊರಬರುವಂತೆ ತಿಳಿಹೇಳಬೇಕು ಎಂದಿತ್ತು. ಮೆತ್ತೆಗಳನ್ನು ಭಾಮೈದನವರು ಒದಗಿಸಿದರು. ಕಾಯುವ ಮಕ್ಕಳ ಪ್ರತಿನಿಧಿಯಾಗಿ ಬುಗುರಿಯನ್ನು ಅವಿರೋಧವಾಗಿ ಆರಿಸಲಾಯಿತು. ಆಕೆ ಬಲು ಜವಾಬ್ದಾರಿಯ ಹುಡುಗಿ. ಒಳಗೆ ಯಾರ ಅಪ್ಪ ಯಾರ ಜೊತೆ ಎಷ್ಟು ಹಾಡು ಕುಣಿದರು ಎಂಬುದೆಲ್ಲ ಆಕೆಗೆ ಕಂಠಪಾಠ. ನಿಂತಲ್ಲೇ ತಿರುಗುವ ಅಭ್ಯಾಸ ಬಿಟ್ಟುಹೋಗಿದೆ. ನನ್ನ ಶಾಯಿ ಬಾಟಲಿ ಈಗ ಮೇಜಿನ ಮೇಲೆಯೇ ಇರುತ್ತದೆ.

ಕಳೆದ ಶನಿವಾರ ನಾನು ತಪಾಸಣೆಗೆ ಹೊರಟಾಗ ಆಕೆ ಮೆತ್ತೆಯ ಮೇಲೆ ಕೂತು, ತಾಯಿಯ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕಡೆ ಜಿರಾಫೆ. ಫೋನಿನಿಂದ ಬರುತ್ತಿದ್ದ ಜಿರಾಫೆಯ ದನಿ ನನಗೂ ಕೇಳಿಸುವಷ್ಟು ದೊಡ್ಡದಾಗಿತ್ತು.

“ಬಸ್ ಹತ್ಕೊಂಡು ಬಾರೇ! ಮುಂದಿನ ವಾರ ಇಲ್ಲಿ ನಮ್ಮ ಕಾಲೇಜಲ್ಲಿ ಡ್ಯಾನ್ಸು. ಇಲ್ಲಿ ಅಪ್ಪ ಅಮ್ಮ ಯಾರನ್ನೂ ಕೇಳಲ್ಲ ಕಣೇ, ನಾವೇ ಕುಣಿಯೋದು!”

ಬುಗುರಿಗೆ ಮುಂದಿನ ತಿಂಗಳು ಇಪ್ಪತ್ತು ತುಂಬುತ್ತದೆ. ಆಕೆ ಕಿಟಕಿಯ ಸರಳಿನಾಚೆ ಒಮ್ಮೆ ನೋಡಿದಳು. ಒಳಗೆ ಹಸಿರು ಉಡುಪು ಸುತ್ತುತ್ತಿತ್ತು.

“ನಾನಾ? ಬಿಡೇ, ಶನಿವಾರ ಅಮ್ಮನ್ನ ಒಬ್ಬಳನ್ನೇ ಬಿಟ್ಟು ಎಲ್ಲಿ ಬರ್ಲಿ?” ಎಂದಳು. “ನಮ್ಮದೇನಿದೆ ಇನ್ನು, ಹೇಗೋ ನಡೆದುಹೋಗುತ್ತೆ. ಅವರು ಖುಷಿಯಾಗಿದ್ರೆ ಸಾಕು.”